ಕೋಟೆ ಬಾಗಿಲಲ್ಲಿ ಹಾಕಿದ ಎಲೆ

ಒಂದಾನೊಂದು ಕಾಲದಲ್ಲಿ, ಈ ಅಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಂದಿರಲಿಲ್ಲ ನೋಡು ಪುಟ್ಟಿ, ಆಗ ಒಂದು ಊರಲ್ಲಿ ರಾಜನ ಗಂಜಿಮನೆ ಇತ್ತಂತೆ. ಗಂಜಿಮನೆ ಅಂದರೆ ಮುದುಕರಿಗೆ, ಬಸುರಿಯರಿಗೆ, ದಿಕ್ಕಿಲ್ಲದ ಮಕ್ಕಳಿಗೆ ದಿನಾ ಮಧ್ಯಾಹ್ನ ಬಿಸಿ ಗಂಜಿ ಕೊಡೋ ಮನೆ. ಅಲ್ಲಿ ಗಂಜಿ ಕಾಯಿಸೋಳು ದುಂಡವ್ವ. ಒಂದು ದಿನ ಮಂತ್ರಿ ಬಂದು, ಪಟ್ಟದ ಆನೆಗೆ ತೇಗದ ಲಾಯ ಕಟ್ಟಿಸಬೇಕು, ಬೊಕ್ಕಸ ಸಾಲದು, ಅದೂ ಅಲ್ಲದೆ ಪುಕ್ಕಟೆ ಗಂಜಿ ಕುಡಿದು ಜನ ಸೋಮಾರಿಗಳಾಗಿದ್ದಾರೆ ಅಂತ ಹೇಳಿ, ಬಾಗಿಲಿಗೆ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದನಂತೆ.

ಆಮೇಲೆ ಮೂರನೇ ದಿನಕ್ಕೆ ಕೆಂಪಿ ಅನ್ನೋ ತುಂಬು ಬಸುರಿ ಆ ಬೀಗದ ಮುಂದೇನೇ ತಲೆ ತಿರುಗಿ ಬಿದ್ದಳಂತೆ. ಅವಳಿಗೆ ಗಂಡನೂ ಇಲ್ಲ, ತವರೂ ಇಲ್ಲ, ಗಂಜಿಮನೆಯೇ ಗತಿ. ಅವಳ ತಲೆ ತೊಡೆ ಮೇಲಿಟ್ಟುಕೊಂಡು ನೀರು ಕುಡಿಸುತ್ತಾ ದುಂಡವ್ವ, ಈ ಬೀಗ ತೆಗೆಸದೆ ನಾನು ತುತ್ತು ಎತ್ತಲ್ಲ ಅಂದುಕೊಂಡಳಂತೆ.

ಆ ಸೀಮೇಲಿ ಒಂದು ಪದ್ಧತಿ. ಬಾಗಿಲಲ್ಲಿ ಎಲೆ ಹಾಕಿ ಕೂತವರಿಗೆ ಬಡಿಸದೆ ಮನೆಯವರು ಉಣ್ಣೋ ಹಾಗಿಲ್ಲ, ಅರಮನೆಯವರೂ ಅಷ್ಟೇ. ಮತ್ತೆ ಪಂಕ್ತೀಲಿ ಕೊನೇ ಎಲೆಗೆ ಬಡಿಸೋ ತನಕ ಯಾರೂ ಕೈ ಹಾಕೋ ಹಾಗಿಲ್ಲ. ಮದುವೇಲಿ ನೀನು ಮೊದಲೇ ಹಪ್ಪಳ ಮುರಿದಾಗ ನಾನು ಕಣ್ಣು ಬಿಡಲಿಲ್ಲವಾ, ಅದೇ.

ದುಂಡವ್ವ ಕೋಟೆ ಬಾಗಿಲಿಗೆ ಹೋಗಿ, ಗಂಜಿಮನೆ ಬೀಗ ತೆಗೆಸಿ ಅಂತ ಒಂದು ಮುತ್ತುಗದ ಎಲೆ ಹಾಕಿ ಕೂತಳಂತೆ. ರಾಜ ನಕ್ಕು ಪಾಯಸ ಕಳಿಸಿ, ತಾನೂ ಉಂಡು ಮಲಗಿದನಂತೆ. ಇವಳು ಅದನ್ನ ಮುಟ್ಟದೆ ಕೆಂಪಿಗೆ ಒಯ್ದು ಕುಡಿಸಿದಳಂತೆ.

ಎರಡನೇ ದಿನ ಗಂಜಿಮನೆಯವರೆಲ್ಲ, ಅರವತ್ತು ಜನ, ಅವಳ ಪಕ್ಕ ಎಲೆ ಹಾಕಿದರಂತೆ. ರಾಜ ಗೊಣಗುತ್ತಾ ಬಡಿಸಿದ. ಬೀಗ ಮಾತ್ರ ತೆಗೆಯಲಿಲ್ಲ.

ಕುಂಬಾರ ಬೊಮ್ಮಯ್ಯ ದಾರೀಲಿ ನಿಂತು, ಏನವ್ವಾ, ಊರೋರನ್ನೆಲ್ಲ ಭಿಕ್ಷೆಗೆ ಕೂರಿಸಿದೆಯಾ ಅಂದನಂತೆ. ಅದಕ್ಕೆ ದುಂಡವ್ವ, ಅರಮನೆ ಕಣಜಕ್ಕೆ ರಾಗಿ ಹೊತ್ತು ಹಾಕಿದ್ದು ಯಾರೋ ಬೊಮ್ಮಣ್ಣ, ನಿನ್ನ ಗಾಡಿಯಾ, ಆ ಆನೆಯಾ? ನಾಳೆ ನಿನ್ನ ಕೈ ನಡುಗಿ ಮಡಕೆ ಸೊಟ್ಟಗಾದಾಗ ನಿನಗೆ ಗಂಜಿ ಕಾಯಿಸೋರು ಯಾರು ಅಂದಳಂತೆ. ಆಮೇಲೆ ಬೊಮ್ಮಯ್ಯನೇ, ನಾಳೆ ನೀವೂ ಎಲೆ ಹಿಡಿದು ಬನ್ನಿ ಅಂತ ಕರೆಯುತ್ತಾ ಅವಳ ಜೊತೇಲಿ ಮನೆ ಮನೆ ತಿರುಗಿದನಂತೆ.

ಮೂರನೇ ದಿನ ನೋಡು, ಒಂದು ದಿನವೂ ಗಂಜಿ ಕುಡಿಯದವರು, ನೇಕಾರರು, ಗಾಣದವರು, ಬಳೆಗಾರರು, ಎಲ್ಲರೂ ಎಲೆ ಹಿಡಿದು ಬಂದರಂತೆ. ಪಂಕ್ತಿ ಕೋಟೆ ಸುತ್ತ ಒಂದು ಸುತ್ತು ಬಂದಿತಂತೆ. ಬಡಿಸಿದ್ದೇ ಬಡಿಸಿದ್ದು, ಅರಮನೆ ಹಂಡೆ ಬರಿದಾಯ್ತು, ಹೊತ್ತು ಇಳೀತು, ಕೊನೇ ಎಲೆ ಸಿಗಲಿಲ್ಲ. ರಾಜನ ಹೊಟ್ಟೆ ಚುರುಗುಟ್ಟಿತಂತೆ. ಅಷ್ಟರಲ್ಲಿ ಅವನ ಹೆತ್ತತಾಯಿಯೇ ಒಂದು ಎಲೆ ತಂದು ಕೆಂಪಿ ಪಕ್ಕ ಹಾಕಿಕೊಂಡು, ಮಗಾ, ನನಗೂ ಹಸಿವು, ಆದರೆ ಇವರನ್ನ ಬಿಟ್ಟು ಉಣ್ಣಲಾರೆ ಅಂದಳಂತೆ.

ರಾಜ ತಲೆ ತಗ್ಗಿಸಿದ. ಮಂತ್ರಿ ಸೊಂಟದಿಂದ ಬೀಗದ ಕೈ ಕಿತ್ತು, ಆನೆ ಹಳೇ ಲಾಯದಲ್ಲೇ ಇರಲಿ ಅಂತ, ಅದನ್ನ ದುಂಡವ್ವನ ಎಲೆ ಮೇಲೆ ಇಟ್ಟನಂತೆ. ದುಂಡವ್ವ ಎದ್ದು, ಇರಿ, ಉಳಿದವರಿಗೆ ನಾನೇ ಕಾಯಿಸ್ತೀನಿ ಅಂತ ಓಡಿ ಒಲೆ ಹೊತ್ತಿಸಿದಳಂತೆ. ಕೊನೇ ಎಲೆಗೂ ಗಂಜಿ ಬಿದ್ದ ಮೇಲೆ ಎಲ್ಲರೂ, ಕೆಂಪಿ ಮೊದಲು ಉಣ್ಣಲಿ ಅಂದರಂತೆ.

ಅವಳು ಉಂಡಳು, ಊರು ಉಂಡಿತು, ಎಲೆ ಎತ್ತಿದ ಮೇಲೆ ಕತೆಯೂ ಮುಗೀತು. ನಿನ್ನ ಹೊಟ್ಟೆ ತುಂಬಿದೆಯಲ್ಲ ಪುಟ್ಟಿ? ಹಾಗಾದರೆ ಮಲಗು.