ಬೀಗದ ಕೈಗೆ ಪೂಜೆ

"ಗುರುಗಳೇ, ನನ್ನ ಬೈಕನ್ನು ಕಳ್ಳರಿಂದ ಕಾಪಾಡುವುದು ಹೇಗೆ?"

ಅಮರೇಶ ಇದನ್ನು ಪಾಠದ ನಡುವೆ ಕೇಳಿದ. ಕೇಳಿದ ಮೇಲೆ ನಾಚಿಕೊಂಡ. ಅವನು ಗಾಡಿ ಕೊಂಡು ಎರಡು ತಿಂಗಳಾಗಿತ್ತು. ಅದರ ಹ್ಯಾಂಡಲಿಗೆ ಒಂದು ಬೀಗ, ಚಕ್ರಕ್ಕೆ ಸರಪಳಿ, ಸರಪಳಿಗೆ ಇನ್ನೊಂದು ಬೀಗ. ಆಶ್ರಮದ ತಿರುವಿನಲ್ಲಿಯೇ ಎಂಜಿನ್ ಆರಿಸಿ, ಸದ್ದಾಗದಂತೆ ತಳ್ಳಿಕೊಂಡು ಬಂದು, ಹಿತ್ತಲ ಗೋಡೆಯ ಮರೆಯಲ್ಲಿ ನಿಲ್ಲಿಸುತ್ತಿದ್ದ. ಆದರೂ ಒಂದು ಪಾಠ ಮುಗಿಯುವುದರೊಳಗೆ ಮೂರು ಸಲ ಎದ್ದು ಹೋಗಿ ನೋಡಿ ಬರುತ್ತಿದ್ದ. ಅಡುಗೆಯ ನೀಲವ್ವ ಒಮ್ಮೆ ತನ್ನನ್ನು ಸಂತೆಯವರೆಗೆ ಬಿಡುವಂತೆ ಕೇಳಿದಾಗ ಚಕ್ರದಲ್ಲಿ ಗಾಳಿಯಿಲ್ಲ ಎಂದಿದ್ದ.

ಗುರುಗಳು ಪುಸ್ತಕ ಮುಚ್ಚಿದರು. ಹೊರಗೆ ಬೇವಿನ ಹೂ ಉದುರುತ್ತಿತ್ತು. ಅದನ್ನೇ ನೋಡುತ್ತ ಕತೆ ಹೇಳತೊಡಗಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಹಿತ್ತಾಳೆ ಪಾತ್ರೆಯ ವರ್ತಕನಿದ್ದ. ಅವನ ಬಳಿ ಒಂದು ಮೋಟಾರ್ ಸೈಕಲ್ ಇತ್ತು. ಅದು ಅವನ ಅಣ್ಣನದು. ಅಣ್ಣ ತೀರಿಹೋಗಿ ಮೂರು ವರ್ಷವಾಗಿತ್ತು. ಅಣ್ಣ ಬದುಕಿದ್ದಾಗ ಪ್ರತಿ ಸಂಜೆ ಅದರ ಸದ್ದು ಊರ ತಿರುವಿನಲ್ಲಿಯೇ ಕೇಳಿಸುತ್ತಿತ್ತು. ಆ ಸದ್ದಿಗೆ ಅತ್ತಿಗೆ ಒಲೆಯ ಮೇಲೆ ಹಾಲಿಡುತ್ತಿದ್ದಳು. ಗಾಡಿ ಅಂಗಳಕ್ಕೆ ಬರುವ ಹೊತ್ತಿಗೆ ಹಾಲು ಉಕ್ಕುತ್ತಿತ್ತು.

ಅಣ್ಣ ಹೋದ ಮೇಲೆ ಉಳಿದದ್ದು ಇದೊಂದೇ, ಇದೂ ಹೋಗಬಾರದು ಎಂದು ವರ್ತಕ ನಿಶ್ಚಯಿಸಿದ. ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ, ದಪ್ಪ ತಾಡಪತ್ರಿ ಹೊದಿಸಿ, ಹಗ್ಗ ಬಿಗಿದು, ಬಾಗಿಲಿಗೆ ಬೀಗ ಹಾಕಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ದಿನವೂ ಬೆಳಿಗ್ಗೆ ಮತ್ತು ಸಂಜೆ ಬಂದು ಬೀಗವನ್ನು ಎಳೆದು ನೋಡುತ್ತಿದ್ದ. ತಾಡಪತ್ರಿಯನ್ನು ಒಮ್ಮೆಯೂ ಎತ್ತಲಿಲ್ಲ.

ಒಂದು ದಿನ ಅತ್ತಿಗೆ, ಗಾಡಿಯನ್ನು ಒಮ್ಮೆ ಶುರು ಮಾಡು, ಸದ್ದು ಕೇಳಬೇಕು ಅನ್ನಿಸಿದೆ ಎಂದಳು. ಅವಳು ಮೈದುನನನ್ನು ತಮ್ಮನಂತೆ ಸಾಕಿದವಳು. ತನಗಾಗಿ ಏನನ್ನೂ ಕೇಳಿದವಳಲ್ಲ. ವರ್ತಕ ಒಪ್ಪಲಿಲ್ಲ. ಸದ್ದಾದರೆ ಕೊಟ್ಟಿಗೆಯಲ್ಲಿ ಗಾಡಿಯಿದೆ ಎಂದು ಕಳ್ಳರಿಗೆ ತಿಳಿಯುತ್ತದೆ ಎಂದ. ಅವಳು ಮತ್ತೆ ಕೇಳಲಿಲ್ಲ.

ಅದೇ ಬೀದಿಯಲ್ಲಿ ಒಬ್ಬ ಹೂವಾಡಿಗನಿದ್ದ. ಅವನದೂ ಒಂದು ಹಳೆಯ ಗಾಡಿ. ಅದರ ಬೀಗದ ಕೈ ಎಂದೋ ಕಳೆದುಹೋಗಿತ್ತು. ಚಮಚದ ಹಿಡಿಯಿಂದ ತಿರುಗಿಸಿದರೂ ಹೊರಡುತ್ತಿತ್ತು. ಬಸುರಿಗೆ ನೋವು ಬಂದರೆ, ಮುದುಕರಿಗೆ ಜ್ವರ ಬಂದರೆ, ಬೀದಿಯವರು ಹೇಳಿಯೋ ಹೇಳದೆಯೋ ಒಯ್ಯುತ್ತಿದ್ದರು. ಒಮ್ಮೆ ಒಬ್ಬ ಕಳ್ಳನೂ ಒಯ್ದ. ಮೊದಲ ತಿರುವಿನಲ್ಲಿ ಸದ್ದು ಕೇಳಿದವರು ಹೊರಗೆ ಬಂದು, ಯಾರಿಗೆ ಏನಾಯಿತಪ್ಪ ಎಂದು ವಿಚಾರಿಸಿದರು. ನಮ್ಮ ತಾಯಿಗೆ ಹುಷಾರಿಲ್ಲ ಎಂದು ಕಳ್ಳ ಹೇಳಿದ. ಎರಡನೆಯ ತಿರುವಿನಲ್ಲಿ ಒಬ್ಬಳು ಓಡಿಬಂದು ಗಂಜಿಯ ಡಬ್ಬಿಯನ್ನು ಅವನ ಕೈಗಿತ್ತಳು. ಮೂರನೆಯ ತಿರುವಿನಲ್ಲಿ ಒಬ್ಬ ಮುದುಕ, ಒಬ್ಬನೇ ಹೇಗೆ ನಿಭಾಯಿಸುತ್ತೀ, ನಾನೂ ಬರುತ್ತೇನೆ ಎಂದು ಹಿಂದೆ ಹತ್ತಿ ಕುಳಿತ. ಕಳ್ಳ ಮುದುಕನನ್ನೂ ಗಂಜಿಯನ್ನೂ ಗಾಡಿಯನ್ನೂ ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ನಡೆದು ಹೋದ.

ವರ್ತಕನಿಗೆ ಇದು ನಗುವ ಮಾತಾಗಿತ್ತು. ಹೂವಾಡಿಗನದು ಗಾಡಿಯಲ್ಲ, ಊರಿನ ಚಾವಡಿ ಎನ್ನುತ್ತಿದ್ದ.

ಆಯುಧ ಪೂಜೆ ಬಂತು. ಆ ಊರಿನಲ್ಲಿ ಗಾಡಿಗಳನ್ನೆಲ್ಲ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗುಡಿಯ ಮುಂದೆ ಸಾಲಾಗಿ ನಿಲ್ಲಿಸುವುದು ರೂಢಿ. ಅರ್ಚಕರು ಕುಂಕುಮ ಹಚ್ಚುತ್ತಾರೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಗಾಡಿ ಅದನ್ನು ತುಳಿದು ಮುಂದೆ ಹೋಗಬೇಕು. ನಿಂಬೆಹಣ್ಣು ಇಡುವ ಮರ್ಯಾದೆ ವರ್ತಕನ ಮನೆತನದ್ದು.

ವರ್ತಕ ಆ ವರ್ಷವೂ ಗಾಡಿಯನ್ನು ಹೊರಗೆ ತರಲಿಲ್ಲ. ಹಿತ್ತಾಳೆಯ ತಟ್ಟೆಯಲ್ಲಿ ಕೊಟ್ಟಿಗೆಯ ಬೀಗದ ಕೈಯನ್ನು ಇಟ್ಟು ತಂದು, ಅದಕ್ಕೇ ಪೂಜೆಯಾಗಲಿ ಎಂದ.

ಅರ್ಚಕರು ತಟ್ಟೆಯನ್ನು ನೋಡಿದರು. "ಏನು ಶೆಟ್ಟರೇ, ಕುದುರೆಯನ್ನು ಬಿಟ್ಟು ಲಗಾಮು ತಂದಿದ್ದೀರಿ?"

"ಲಗಾಮು ನನ್ನ ಕೈಯಲ್ಲಿದ್ದರೆ ಕುದುರೆ ಎಲ್ಲಿಗೆ ಹೋದೀತು, ಸ್ವಾಮಿ?"

ಸುತ್ತಲಿನವರು ನಕ್ಕರು. ಅರ್ಚಕರು ಬೀಗದ ಕೈಗೆ ಕುಂಕುಮ ಹಚ್ಚಿದರು.

ಬಳಿಕ ವರ್ತಕ ನಿಂಬೆಹಣ್ಣಿನ ಬುಟ್ಟಿ ಹಿಡಿದು ಸಾಲಿನ ಉದ್ದಕ್ಕೂ ನಡೆದ. ಆಗ ಬೀದಿಯ ಆ ತುದಿಯಿಂದ ಒಂದು ಸದ್ದು ಬಂತು. ಅವನ ಕಾಲು ನಿಂತಿತು. ಅಣ್ಣ ಬಂದ ಅನ್ನಿಸಿತು. ತಾನು ಚಿಕ್ಕವನಾಗಿ ಅಣ್ಣನ ಬೆನ್ನಿಗೆ ಕೆನ್ನೆಯೊತ್ತಿ ಕುಳಿತಂತೆ, ಹೊಳೆಯ ಗಾಳಿ ಕಿವಿಯಲ್ಲಿ ಹಾದುಹೋದಂತೆ, ದೂರದಲ್ಲೆಲ್ಲೋ ಹಾಲು ಕಾದಂತೆ ಅನ್ನಿಸಿತು. ಆ ಸುಖ ಜಾರಿಹೋಗಬಾರದೆಂದು ಅವನು ಕಣ್ಣು ಮುಚ್ಚಿಕೊಂಡ. ಹಬ್ಬದ ದಿನ ಸತ್ತವರು ನೆನಪಾಗುವುದು ಸಹಜ ಎಂದುಕೊಂಡ.

ಕಣ್ಣು ತೆರೆದಾಗ ಎದುರಿಗೆ ಒಂದು ಗಾಡಿ ನಿಂತಿತ್ತು. ಮೈ ಕಾಣದಷ್ಟು ಕುಂಕುಮ, ವಿಭೂತಿ, ಮಾಲೆ. ಎಲ್ಲ ಗಾಡಿಗಳಂತೆ ಅದೂ ಒಂದು. ಸುತ್ತಲಿನ ಹಳ್ಳಿಯವರೂ ಪೂಜೆಗೆ ಬರುವುದುಂಟು. ಹಾಗಾಗಿ ಸವಾರ ಯಾರೆಂದು ಅವನು ಕೇಳಲಿಲ್ಲ. ಬಗ್ಗಿ ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ.

"ಹಿಂದಿನ ಚಕ್ರಕ್ಕೂ ಒಂದಿಡಿ, ಅಣ್ಣಾ. ದೂರ ಹೋಗಬೇಕು" ಎಂದ ಸವಾರ.

ವರ್ತಕ ಹಿಂದಿನ ಚಕ್ರಕ್ಕೂ ಇಟ್ಟ. ಗಾಡಿ ಎರಡನ್ನೂ ತುಳಿದು ಹೋಯಿತು. ಅದು ತಿರುವು ದಾಟುವವರೆಗೂ ವರ್ತಕ ಕೈಮುಗಿದು ನಿಂತಿದ್ದ. ಏಕೆಂದು ಅವನಿಗೇ ತಿಳಿಯಲಿಲ್ಲ.

ತಟ್ಟೆ ಹಿಡಿದು ಮನೆಗೆ ಬಂದಾಗ ಅತ್ತಿಗೆ ಒಲೆಯ ಮುಂದೆ ಇದ್ದಳು. ಹಾಲು ಉಕ್ಕಿ ಒಲೆಯ ಸುತ್ತ ಹರಿದಿತ್ತು. ಅವಳು ಅದನ್ನು ಒರೆಸಿರಲಿಲ್ಲ. ಉಳಿದ ಹಾಲನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದೆ ಇಟ್ಟಳು. ಅವಳ ಮುಖ ಮೂರು ವರ್ಷಗಳ ಹಿಂದಿನ ಮುಖವಾಗಿತ್ತು.

"ಕೊನೆಗೂ ಶುರು ಮಾಡಿದೆಯಲ್ಲ, ತಮ್ಮಾ. ಒಳಗಿನಿಂದಲೇ ಕೇಳಿದೆ."

ವರ್ತಕ ಕೊಟ್ಟಿಗೆಗೆ ಹೋದ. ಬೀಗ ಹಾಕಿದಂತೆಯೇ ಇತ್ತು. ಒಳಗೆ ಗಾಡಿಯಿರಲಿಲ್ಲ, ತಾಡಪತ್ರಿಯನ್ನು ಮಡಿಸಿ ಇಡಲಾಗಿತ್ತು. ಹಿಂದಿನ ಹಳೆಯ ಬಾಗಿಲು ತೆರೆದಿತ್ತು. ಮುಂದಿನ ಬೀಗವನ್ನು ಕಾಯುವುದರಲ್ಲಿ ಅವನು ಅದನ್ನು ಮರೆತೇಬಿಟ್ಟಿದ್ದ. ನೆಲದಲ್ಲಿ ಎಣ್ಣೆಯ ಬಟ್ಟೆ, ತುಕ್ಕು ಉಜ್ಜಿದ ಮರಳು ಕಾಗದ, ಖಾಲಿ ಪೆಟ್ರೋಲ್ ಡಬ್ಬ. ಕಳ್ಳ ತಾಳ್ಮೆಯವನು. ಊರು ನಿದ್ದೆಹೋಗುವ ಮಧ್ಯಾಹ್ನಗಳಲ್ಲಿ ನಾಲ್ಕು ದಿನ ಬಂದು, ತುಕ್ಕು ಒರೆಸಿ, ಪ್ಲಗ್ ಉಜ್ಜಿ, ಹ್ಯಾಂಡಲಿನ ಬೀಗ ಬಿಡಿಸಿದ್ದ. ಮೂರು ವರ್ಷಗಳಲ್ಲಿ ಆ ಗಾಡಿಯ ಮೈ ಮುಟ್ಟಿದವನು ಅವನೊಬ್ಬನೇ.

ವರ್ತಕ ಬೀದಿಗೆ ಬಂದು ಮನೆಮನೆಯಲ್ಲಿ ವಿಚಾರಿಸಿದ. ಎಲ್ಲರೂ ಗಾಡಿಯನ್ನು ನೋಡಿದ್ದರು. ಮೂರು ವರ್ಷದಿಂದ ಅದರ ಸದ್ದೇ ಕೇಳದ ನಮಗೆ ಅದು ನಿಮ್ಮದೆಂದು ಹೇಗೆ ತಿಳಿಯಬೇಕು, ನೀವೇ ನಿಂಬೆಹಣ್ಣು ಇಟ್ಟು ಕಳಿಸಿದಿರಲ್ಲ ಎಂದರು. ಹೂವಾಡಿಗ ತನ್ನ ಗಾಡಿಯನ್ನು ಹೊರಡಿಸಿ, ಹುಡುಕೋಣ ಹತ್ತಿ ಎಂದ. ಸಂಜೆಯವರೆಗೆ ಇಬ್ಬರೂ ಹೊಳೆಯ ದಂಡೆಗುಂಟ ಹೋದರು. ಊರೂರಿನಲ್ಲಿ ಹೂವಾಡಿಗನ ಗಾಡಿಯ ಸದ್ದಿಗೆ ಜನ ಹೊರಗೆ ಬಂದು, ಯಾರಿಗೆ ಏನಾಯಿತು ಎಂದು ಕೇಳಿದರು.

ವರ್ತಕ ಮನೆಗೆ ಮರಳಿದಾಗ ಆ ಹಾಲಿನ ಲೋಟ ಅಲ್ಲಿಯೇ ಇತ್ತು, ಕೆನೆಗಟ್ಟಿತ್ತು. ಅತ್ತಿಗೆ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಲೋಟ ಎತ್ತಿ ಹಾಲನ್ನು ಕುಡಿದ.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯ ಮೇಲೆ ಬೇವಿನ ಹೂ ತೆಳ್ಳಗೆ ಹಾಸಿಕೊಂಡಿತ್ತು. ಈ ಹೊತ್ತಿನವರೆಗೆ ಅಮರೇಶ ಒಮ್ಮೆಯೂ ಎದ್ದು ಹೋಗಿರಲಿಲ್ಲ.

"ಆ ಗಾಡಿ ಮತ್ತೆ ಸಿಕ್ಕಿತೇ, ಗುರುಗಳೇ?" ಎಂದು ಅವನು ಮೆಲ್ಲನೆ ಕೇಳಿದ.

ಗುರುಗಳು ಪುಸ್ತಕವನ್ನು ತೆರೆದರು.

"ನಿನ್ನ ಗಾಡಿಯ ಸದ್ದು ಈ ಊರಿನಲ್ಲಿ ಯಾರಿಗೆ ಗೊತ್ತಿದೆ?"