ಗೆರೆಯಿಲ್ಲದ ಅಳಿಲು ನೀರು ಕೇಳಿದ್ದು

ಹುಣಸೆಮರದ ಪೊಟರೆಯಲ್ಲಿ ನಿಂತ ನೀರಿಗೆ ಆ ಬೇಸಿಗೆಯಲ್ಲಿ ಹರೆಯದ ಅಳಿಲುಗಳದೇ ಕಾವಲು. ಅವುಗಳಲ್ಲಿ ಚುರುಕನೆಂಬ ಅಳಿಲಿಗೆ ಭಕ್ತಿ ಹೆಚ್ಚು. ಸೇತುವೆ ಕಟ್ಟುವಾಗ ಮರಳು ಹೊತ್ತ ಪುಟ್ಟ ಅಳಿಲಿನ ಬೆನ್ನನ್ನು ಶ್ರೀರಾಮ ನೇವರಿಸಿದ, ಆ ಬೆರಳ ಗುರುತೇ ನಮ್ಮ ಮೂರು ಗೆರೆ ಎಂದು ಅವನು ದಿನಾ ಬೆಳಗ್ಗೆ ಕೊಂಡಾಡುತ್ತಿದ್ದ.

ಒಂದು ಮಧ್ಯಾಹ್ನ ಬೇರೆ ಕಾಡಿನ ಕೆಂಚಳಿಲೊಂದು ಏದುಸಿರು ಬಿಡುತ್ತ ಬಂತು.

"ಒಂದು ಗುಟುಕು ನೀರು ಕೊಡಪ್ಪಾ."

"ಬೆನ್ನು ತೋರಿಸು," ಎಂದ ಚುರುಕ. ಕೆಂಚಳಿಲು ತಿರುಗಿ ನಿಂತಿತು. ಬೆನ್ನಿನ ಮೇಲೆ ಒಂದು ಗೆರೆಯೂ ಇರಲಿಲ್ಲ. "ದೇವರು ಮುಟ್ಟದವರಿಗೆ ಇಲ್ಲಿ ನೀರಿಲ್ಲ."

ಮೇಲಿನ ಕೊಂಬೆಯಿಂದ ಅವನ ಅಜ್ಜಿ ಕೇಳಿದಳು, "ಮಗಾ, ಮರಳು ಹೊರಲು ಹೋದಾಗ ನಮ್ಮ ಹಿರಿಯನ ಬೆನ್ನ ಮೇಲೆ ಎಷ್ಟು ಗೆರೆ ಇದ್ದವು?"

"ಒಂದೂ ಇರಲಿಲ್ಲ ಅಜ್ಜಿ."

"ಮತ್ತೆ ರಾಮದೇವರು ಅವನಿಗೆ ಬೆನ್ನು ತೋರಿಸು ಅಂದರಾ?"

ಚುರುಕನ ಕಿವಿ ಬಿಸಿಯಾಯಿತು. ಅವನು ಪಕ್ಕಕ್ಕೆ ಸರಿದ. ಕೆಂಚಳಿಲು ಕಣ್ಣು ಮುಚ್ಚಿಕೊಂಡು ನೀರು ಕುಡಿಯತೊಡಗಿತು.

ಅಷ್ಟರಲ್ಲಿ ಗೆಳೆಯರ ದಂಡು ಕೊಂಬೆ ಹಾರಿ ಬಂತು. "ಗೆರೆಯಿಲ್ಲದ್ದನ್ನು ಯಾರೋ ಒಳಗೆ ಬಿಟ್ಟದ್ದು?"

ನಾಳೆಯಿಂದ ಇವರು ತನ್ನನ್ನು ಆಟಕ್ಕೆ ಕರೆಯಲಿಕ್ಕಿಲ್ಲ ಎಂದು ಚುರುಕನಿಗೆ ಗೊತ್ತಿತ್ತು. ಆದರೂ ಪೊಟರೆಯ ಬಾಯಿಗೆ ಅಡ್ಡವಾಗಿ ಕುಳಿತ.

"ನಾನೇ ಬಿಟ್ಟೆ. ಅದು ಕುಡಿದಾಗಲಿ, ಆಮೇಲೆ ನೀವು ಬನ್ನಿ."