ಉಮ್ಮತ್ತಿ ಅರೆದ ಕೈ

"ಗುರುಗಳೇ, ದಿನವೂ ನಮಸ್ಕರಿಸಿದಾಗ ತಲೆಯ ಮೇಲೆ ಕೈ ಇಡುತ್ತಿದ್ದಿರಿ. ಇವತ್ತು ಬಗ್ಗಿದರೆ ಕೈ ಹಿಂದಕ್ಕೆ ತೆಗೆದುಕೊಂಡಿರಿ. ನಾನು ನಿಮಗೆ ಬೇಡವಾದೆನೇ?"

ಹೀಗೆ ಕೇಳಿದವನು ಮುದ್ದಯ್ಯನೆಂಬ ಶಿಷ್ಯ. ಹಿಂದಿನ ದಿನ ಅವನು ಕೊಟ್ಟಿಗೆಯ ಅಗಳಿ ಹಾಕುವುದನ್ನು ಮರೆತಿದ್ದರಿಂದ, ಗುರುಗಳು ಬೆಳೆಸಿದ ಅವರೆಯನ್ನೆಲ್ಲ ಹಸು ಮೇದಿತ್ತು. ಗುರುಗಳು ಒಂದು ಮಾತೂ ಬೈದಿರಲಿಲ್ಲ. ಅವರು ಬೇಡವೆಂದರೆ ಹೊರಟುಬಿಡುವುದೆಂದು ಗಂಟು ಕಟ್ಟಿ ಬಾಗಿಲ ಬಳಿ ಇಟ್ಟೇ ಬಂದಿದ್ದ.

ಗುರುಗಳು ಗಂಟಿನ ಕಡೆ ನೋಡಿದರು. "ಕೂತುಕೋ. ಕತೆ ಕೇಳಿ ಹೋಗುವೆಯಂತೆ" ಎಂದರು.

ಒಂದೂರಿನಲ್ಲಿ ಒಬ್ಬ ಮದ್ದಿನ ಮುದುಕಿ. ಹಿತ್ತಲ ಮೂಲೆಯಲ್ಲಿ ಉಮ್ಮತ್ತಿ ಬೆಳೆಸಿದ್ದಳು. ಬೆಳ್ಳನೆ ಹೂ, ಮುಳ್ಳುಮುಳ್ಳಿನ ಕಾಯಿ, ಬೇರಿನಿಂದ ಬೀಜದವರೆಗೂ ವಿಷ. ಅದರ ಎಲೆ ಹಾಕಿ ಕಾಸಿದ ಎಣ್ಣೆಗೆಂದು ಕೀಲುನೋವಿನವರು ಹುಡುಕಿಕೊಂಡು ಬರುತ್ತಿದ್ದರು. ಗಿಡದ ಸುತ್ತ ಬೇಲಿ. ಅದಕ್ಕೆಂದೇ ಬೇರೆ ಕುಡುಗೋಲು, ಬೇರೆ ಅರೆಯುವ ಕಲ್ಲು. ಅರೆದ ದಿನ ಸೀಗೆ ಹಾಕಿ ಕೈ ತೊಳೆದು, ಮೈಮೇಲೆ ನೀರು ಹಾಕಿಕೊಳ್ಳುವವರೆಗೆ ಯಾರನ್ನೂ ಮುಟ್ಟಳು. ತನ್ನ ಕಣ್ಣನ್ನೂ ಮುಟ್ಟಳು. ಅರೆಯುವಾಗ ಗಿಡದ ಹೆಸರೆತ್ತಬಾರದೆಂಬುದು ಆ ಮನೆಯ ಕಟ್ಟುಪಾಡು. ಅರೆಯದ ದಿನ, ಮನೆಗೆ ಬಂದ ಸೊಸೆಗೆ ಇದನ್ನೆಲ್ಲ ಹೇಳಬೇಕೆಂಬುದೇ ಮರೆತುಹೋಗುತ್ತಿತ್ತು.

ಕೆಲವು ದಿನ ಅತ್ತೆ ತನ್ನಿಂದ ದೂರ ದೂರ ಸರಿಯುವುದನ್ನು ಸೊಸೆ ಕಂಡಿದ್ದಳು. ಬಡವರ ಮನೆಯಿಂದ ಬಂದವಳೆಂಬ ತಾತ್ಸಾರವೆಂದುಕೊಂಡು ನುಂಗಿಕೊಂಡಿದ್ದಳು.

ಒಂದು ದಿನ ಅವಳು ಬಾವಿಯ ಹತ್ತಿರ ಇದ್ದಾಗ ತೊಟ್ಟಿಲಿನ ಕೂಸು ಅಳತೊಡಗಿತು. ಕೊಡ ಅಲ್ಲೇ ಬಿಟ್ಟು ಓಡಿ ಬಂದಳು. ಕೂಸು ಅತ್ತು ಅತ್ತು ಕೆಂಪಾಗಿದೆ. ಅತ್ತೆ ಹಿತ್ತಲ ಹೊಸ್ತಿಲಾಚೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅಲ್ಲಿಂದಲೇ ಜೋಜೋ ಹಾಡುತ್ತಿದ್ದಾಳೆ.

"ಎತ್ಕೊಂಡಿದ್ರೆ ನಿಮ್ಮ ಕೈ ಸವೆದುಹೋಗ್ತಿತ್ತಾ, ಅತ್ತೆ? ನನ್ನ ಮೇಲಿನ ಹೇಸಿಗೆ ಈ ಕೂಸಿನ ಮೇಲೂನಾ?"

"ಎತ್ಕೋಬೇಡ, ಎತ್ಕೋಬೇಡ ಅಂತ ಈ ಕೈಗೆ ಹೇಳೀ ಹೇಳೀ ಸಾಕಾಯ್ತು ಕಣೇ."

ಮುದುಕಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಗಲ್ಲ ದಾಟಿ ಕೊರಳಿಗೆ ಬಂದರೂ ಒರೆಸಿಕೊಳ್ಳಲಿಲ್ಲ. ಸೊಸೆ ಬಗ್ಗಿ ಅತ್ತೆಯ ಬೆನ್ನ ಹಿಂದೆ ನೋಡಿದಳು. ಬೆರಳ ತುಂಬ ಹಸಿರು ರಸ. ಆಚೆ ಕಲ್ಲಿನ ಮೇಲೆ, ಬೇಲಿಯೊಳಗಿನ ಗಿಡದ ಎಲೆ.

ಸೊಸೆ ಕೂಸನ್ನು ಕಂಕುಳಿಗೆ ಏರಿಸಿಕೊಂಡು, ತನ್ನ ಸೆರಗಿನಿಂದಲೇ ಅತ್ತೆಯ ಕಣ್ಣೊರೆಸಿದಳು. ಬಚ್ಚಲಿಗೆ ನೀರು ತೋಡಿ, ಸೀಗೆಯ ಬಟ್ಟಲು ಪಕ್ಕಕ್ಕಿಟ್ಟಳು. ಹೊತ್ತು ಕಳೆದು ಮುದುಕಿ ಒದ್ದೆ ತಲೆಯಲ್ಲಿ ಬಂದು ಎರಡೂ ಕೈ ಚಾಚಿದಳು. ಕೂಸು ನೆಗೆದು ಹೋಯಿತು.

ಕತೆ ಮುಗಿಯಿತು. ಮುದ್ದಯ್ಯ ತಲೆ ಕೆರೆದುಕೊಂಡ.

"ಅವಳ ಕೈಯಲ್ಲಿ ಉಮ್ಮತ್ತಿ ಇತ್ತು, ಸರಿ. ನಿಮ್ಮ ಕೈಯಲ್ಲಿ ಏನಿತ್ತು ಗುರುಗಳೇ?"

"ಆಗ ನಿನ್ನ ಮೇಲಿನ ಸಿಟ್ಟಿತ್ತು ಮಗು, ಈಗ ತೊಳೆದುಕೊಂಡೆ, ಬಗ್ಗು."